ವಖಾರಿಯಾಚೆಗಿನ ಗಿರಾಕಿ

ಮಾರಾಟ, ಮಾರ್ಕೆಟಿಂಗ್ ಎಂಬ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟಾದರೂ, ಕೈಯಲ್ಲಿರುವ ಸರಕನ್ನು ಹಣವಾಗಿಸುವುದು ಮಾರಾಟವೆಂದೂ, ಅದನ್ನು ಕೊಳ್ಳುವವರು ಯಾರು, ಯಾತಕ್ಕೆ ಕೊಳ್ಳುತ್ತಾರೆ, ಇನ್ನೇನು ಸಿಕ್ಕಿದ್ದರೆ ಕೊಳ್ಳುತ್ತಿದ್ದರು ಎಂದು ವಿಚಾರಿಸಿ ಅದಕ್ಕೆ ತಕ್ಕಂತೆ ಉದ್ಯಮವನ್ನೇ ತಿದ್ದಿಕೊಳ್ಳುವುದು ಮಾರ್ಕೆಟಿಂಗ್ ಎಂದೂ ಬೇರ್ಪಡಿಸಿಕೊಳ್ಳದೆ ಬೆಳವಣಿಗೆಯ ಪ್ರಶ್ನೆಯನ್ನು ಎತ್ತಿಕೊಳ್ಳಲಾಗದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಮೊದಲನೆಯ ಕೆಲಸಕ್ಕೆ ನೂರು ವರ್ಷಗಳ ಗಟ್ಟಿ ಪರಂಪರೆಯಿದೆ. ಎರಡನೆಯದು ಅಲ್ಲೊಂದು ಇಲ್ಲೊಂದು ಕಡೆ ನಡೆದಿದೆ.

1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್ಎಸ್, ಬೆಳೆಗಾರ ತಂದ ರಾಶಿ, ಚಾಲಿ, ಬೆಟ್ಟೆಗಳನ್ನು ಟೆಂಡರಿಗೆ ಹಚ್ಚಿ ಮಾರಿಕೊಡುವ ಸಂಸ್ಥೆಯಾಗಿ ಬೆಳೆಯಿತು. ಎಳೆಯ ಕಾಯಿಯನ್ನು ಸುಲಿದು ಬೇಯಿಸಿ ಒಣಗಿಸಿದರೆ ರಾಶಿ, ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ ಎಂಬ ಈ ವರ್ಗೀಕರಣದಲ್ಲಿ ಬೆಳೆಗಾರನ ಜಾಣ್ಮೆ ಎಷ್ಟೇ ಇದ್ದರೂ, ಜಗಿಯುವವನ ಪರಿಚಯ ಆತನಿಗಿಲ್ಲ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಜಿಐ, ಅಂದರೆ ಒಂದು ಊರಿನ ಹೆಸರನ್ನು ಅಲ್ಲಿನ ಸರಕಿಗಷ್ಟೇ ಮೀಸಲಿಡುವ ಭೌಗೋಳಿಕ ಸೂಚಕ, ದೊರೆತದ್ದು ಹೆಮ್ಮೆಯ ಸಂಗತಿಯೇ ಸರಿ, ಆದರೆ ಚೀಲದಲ್ಲಿ ಉತ್ತರ ಭಾರತಕ್ಕೆ ಹೋಗಿ ಪಾನ್ ಮಸಾಲೆಯ ಪುಡಿಯಲ್ಲಿ ಬೆರೆತ ಮೇಲೆ ಊರಿನ ಹೆಸರು ಉಳಿಯುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು, ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ್ದು ಬೆಳೆಗಾರನಿಗೆ ದರದ ಏರಿಳಿತವಾಗಿ ಮಾತ್ರ ಮುಟ್ಟುವುದಕ್ಕೂ ಇದೇ ಕಾರಣ.

ಹೊಸ ಅವಕಾಶ ಎಲ್ಲಿಂದ ಬರುತ್ತದೆಂಬುದಕ್ಕೆ ನಿರ್ವಹಣಾ ಚಿಂತಕ ಇಗೋರ್ ಆನ್ಸಾಫ್ 1957ರಲ್ಲಿ ಕೊಟ್ಟ ಉತ್ತರ ಸರಳವಾಗಿದೆ: ಇದ್ದ ಸರಕನ್ನು ಇದ್ದ ಗಿರಾಕಿಗೇ ಹೆಚ್ಚು ಮಾರಬಹುದು, ಹೊಸ ಗಿರಾಕಿಯನ್ನು ಹುಡುಕಬಹುದು, ಹಳೆಯ ಗಿರಾಕಿಗೆ ಹೊಸ ಸರಕು ಕೊಡಬಹುದು, ಇಲ್ಲವೇ ಎರಡನ್ನೂ ಹೊಸದಾಗಿಸಬಹುದು. ಟಿಎಸ್ಎಸ್ ಶಿರಸಿಯಲ್ಲಿ ಸೂಪರ್ ಮಾರ್ಕೆಟ್ ತೆರೆದದ್ದನ್ನು ಮೂರನೆಯ ದಾರಿಗೆ ಹತ್ತಿರದ್ದೆನ್ನಬಹುದು, ಏಕೆಂದರೆ ಅಡಿಕೆ ಮಾರಲು ಪೇಟೆಗೆ ಬಂದ ಸದಸ್ಯನ ಕಿಸೆಯಲ್ಲಿ ಮನೆಸಾಮಾನಿನ ಚೀಟಿಯೂ ಇರುತ್ತದೆಂಬುದು ವಖಾರಿಯ ಲೆಕ್ಕದಲ್ಲಿ ಕಾಣದಿದ್ದರೂ ಸದಸ್ಯನನ್ನೇ ಗಿರಾಕಿಯಾಗಿ ನೋಡಿದಾಗ ಕಾಣುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗಾಗಿಯೇ ಸ್ಥಾಪನೆಯಾದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ತೋಟದ ನಡುವೆ ಬೆಳೆದ ಕೊಕ್ಕೋ ಕೊಳ್ಳುವವರಿಲ್ಲದಾದಾಗ ತಾನೇ ಕೊಳ್ಳಲಾರಂಭಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿ, ನಾಲ್ಕನೆಯ, ಅಪಾಯ ಹೆಚ್ಚಿನ ದಾರಿಯನ್ನೇ ತುಳಿಯಿತು.

ಆದರೆ ಈ ಸೀಮೆಯ ಅತ್ಯಂತ ಬೋಧಪ್ರದ ಉದಾಹರಣೆ ಅಪ್ಪೆಮಿಡಿ. ಹೊಳೆಯಂಚಿನ ಕಾಡುಮರಗಳಿಂದ ಕೊಯ್ದು ಉಪ್ಪಿನಲ್ಲಿ ಹಾಕಿಡುವ ಈ ಮಾವಿನ ಮಿಡಿಯನ್ನು ಬಲ್ಲವರು ಬರಿದೇ ‘ಉಪ್ಪಿನಕಾಯಿ’ ಎಂದು ಕೇಳದೆ ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಎಂದು ಹೆಸರು ಹಿಡಿದು ಕೇಳುತ್ತಾರೆ. ಸೊನೆಯ ಪರಿಮಳ, ವರ್ಷ ಕಳೆದರೂ ಮೆತ್ತಗಾಗದ ಗುಣ ಅವರಿಗೆ ಬೇಕು. ಈ ಕೇಳಿಕೆಯೇ ಮಾಹಿತಿ. ಕೊಂಬೆ ಕಡಿದು ಮಿಡಿ ಇಳಿಸುವ ದುರಾಸೆಯಿಂದ ಮೂಲಮರಗಳು ಕಡಿಮೆಯಾಗುತ್ತಿದ್ದಾಗ ಅದೇ ಹೆಸರಿನ ಕಸಿಗಿಡಗಳಿಗೆ ನರ್ಸರಿಗಳಲ್ಲಿ ಬೇಡಿಕೆ ಹುಟ್ಟಿದ್ದು, ಊರು ಬಿಟ್ಟು ಬೆಂಗಳೂರು ಸೇರಿದವರ ಊಟದೆಲೆಗೂ ಮರದ ಹೆಸರು ತಲುಪಿದ್ದರಿಂದಲೇ.

ಇದಕ್ಕೆ ವಿರುದ್ಧವಾದುದು ಉಪ್ಪಾಗೆ ಎಂಬ ಕಾಡುಕಾಯಿಯ ಕಥೆ. ತೂಕ ಇಳಿಸುವ ಮಾತ್ರೆಗೆಂದು 1990ರ ದಶಕದಲ್ಲಿ ಇದರ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂದಾಗ, ಅದುವರೆಗೆ ಹುಳಿಗೂ ತುಪ್ಪಕ್ಕೂ ಆಗುತ್ತಿದ್ದ ಕಾಯಿಗೆ ಪೈಪೋಟಿ ಹುಟ್ಟಿ, ಬಲಿಯುವ ಮೊದಲೇ ಕೊಯ್ಯುವುದು, ಒಣಗಿಸಲು ಕಾಡಿನ ಕಟ್ಟಿಗೆ ಉರಿಸುವುದು ಎರಡೂ ನಡೆದವು. ಆ ಮಾತ್ರೆ ನಿಜಕ್ಕೂ ತೂಕ ಇಳಿಸುವುದೇ ಎಂದು ಇಲ್ಲಿ ಕೇಳಿದವರು ಕಡಿಮೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಂಡುಬರಲಿಲ್ಲ. ಕೆಲವೇ ವರ್ಷಗಳ ನಂತರ ವೆನಿಲ್ಲಾ ಬಳ್ಳಿ ಹಬ್ಬಿಸಿದವರೂ ಹೀಗೇ ಸೋತರು: 2000ದ ಚಂಡಮಾರುತದಿಂದ ಮಡಗಾಸ್ಕರಿನ ಬೆಳೆ ಹಾಳಾಗಿ ಏರಿದ ದರವನ್ನು ಅವರು ಶಾಶ್ವತ ಬೇಡಿಕೆಯೆಂದು ಓದಿಕೊಂಡರು. ದರ ಏರಿದೆಯೆಂಬ ಸುದ್ದಿ ಮಾರುಕಟ್ಟೆಯ ಅಧ್ಯಯನವಾಗದು. ಏರಿದ್ದೇಕೆಂಬ ಪ್ರಶ್ನೆಯಿಂದ ಅಧ್ಯಯನ ಆರಂಭವಾಗುತ್ತದೆ.

ಮುರುಗಲು, ಜೋನಿಬೆಲ್ಲ, ಜೇನು, ಹಲಸಿನ ಹಪ್ಪಳ, ಬನವಾಸಿ ಕಡೆಯ ಅನಾನಸು ಇವುಗಳಲ್ಲಿ ಯಾವುದು ಅಪ್ಪೆಮಿಡಿಯ ದಾರಿ ಹಿಡಿದೀತು, ಯಾವುದು ಉಪ್ಪಾಗೆಯದನ್ನು ಎಂಬುದನ್ನು ತೋಟದಲ್ಲಿ ನಿಂತು ಹೇಳಲಾಗದು. ಅದನ್ನು ತಿಳಿಯಲು ದೊಡ್ಡ ಖರ್ಚೂ ಬೇಕಿಲ್ಲ. ಅಂಗಡಿಯ ಬಿಲ್ಲು ಮಾರಿಹೋದದ್ದನ್ನು ಮಾತ್ರ ಬರೆದಿಡುತ್ತದೆ, ಗಿರಾಕಿ ಕೇಳಿ ಸಿಗದೆ ಹಿಂತಿರುಗಿದ್ದನ್ನಲ್ಲ. ಮೂರೂ ತಾಲ್ಲೂಕುಗಳ ಸಹಕಾರಿ ಸಂಘಗಳು ಆ ಎರಡನೆಯ ಪಟ್ಟಿಯನ್ನೂ ಬರೆದಿಡಲು ತೊಡಗಲಿ, ವಾರ್ಷಿಕ ವರದಿಯಲ್ಲಿ ಅದಕ್ಕೊಂದು ಪುಟ ಕೊಡಲಿ.