ಕಿವಿಗೆ ರೂಢಿ ಆಗಲ್ಲ, ಕಿವಿ ಹೋಗುತ್ತೆ

ಪವರ್‌ಲೂಮ್ ಶೆಡ್‌ಗೆ ಹೊಸದಾಗಿ ಬಂದ ಹುಡುಗ ಮೊದಲ ದಿನ ಕಿವಿ ಮುಚ್ಚಿಕೊಂಡರೆ ಹಿರಿಯರು ಹೇಳುವುದು ಒಂದೇ ಮಾತು: ‘ಎಂಟ್ ದಿನ ತಡಿ, ರೂಢಿ ಆಗ್ತೈತಿ.’ ಹಿಟ್ಟಿನ ಗಿರಣಿಯಲ್ಲೂ ಇದೇ ಮಾತು, ಕಲ್ಲಿನ ಕ್ರಷರ್‌ನಲ್ಲೂ ಇದೇ ಮಾತು. ಮೆರವಣಿಗೆಯ ಡಿಜೆ ಸದ್ದಿಗೆ ಕೂಸು ಬೆಚ್ಚಿಬಿದ್ದು ಅತ್ತರೂ ಇದೇ ಮಾತು.

ಈ ಮಾತು ಸುಳ್ಳು. ಸದ್ದಿಗೆ ಮನಸ್ಸು ಹೊಂದಿಕೊಳ್ಳಬಹುದು, ಕಿವಿ ಹೊಂದಿಕೊಳ್ಳುವುದಿಲ್ಲ. ದಿನಾ ಕೇಳುವ ಸದ್ದು ಮೊದಲಿನಷ್ಟು ಜೋರು ಅನ್ನಿಸುತ್ತಿಲ್ಲ ಅಂದರೆ ಖುಷಿಪಡಬೇಡಿ. ಕಿವಿಯೇ ಸೋಲಲು ಶುರು ಮಾಡಿರಬಹುದು.

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರೊಳಗೆ ಸುಮಾರು 15 ಸಾವಿರ ಸಣ್ಣ ಕೂದಲಿನಂಥ ಕೋಶಗಳಿವೆ. ಅವನ್ನು ಜೋಳದ ಹೊಲ ಅಂದುಕೊಳ್ಳಿ. ಒಂದು ಸಲ ಜೋರು ಗಾಳಿ ಬೀಸಿದರೆ ಬೆಳೆ ಬಾಗುತ್ತದೆ, ಮರುದಿನ ಏಳುತ್ತದೆ. ಡಿಜೆ ಮುಂದೆ ಕುಣಿದು ಬಂದ ರಾತ್ರಿ ಕಿವಿ ಗುಂಯ್ ಅಂದು ಬೆಳಗ್ಗೆ ಸರಿಹೋಗುವುದು ಹೀಗೆ. ಆದರೆ ದಿನಾ ಅದೇ ಗಾಳಿ ಬೀಸಿದರೆ ಬೆಳೆ ನೆಲಕ್ಕೆ ಮಲಗಿಬಿಡುತ್ತದೆ. ಹೊಲವನ್ನಾದರೂ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಔಷಧಿಯೂ ಇಲ್ಲ.

ಎಷ್ಟು ಸದ್ದು ಹೆಚ್ಚು? ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ ಆಗಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಲಾಳಿ ಹೊಡೆಯುವ ಹಳೇ ಪವರ್‌ಲೂಮ್‌ಗಳ ಶೆಡ್‌ನಲ್ಲಿ ಸದ್ದು ಸಾಮಾನ್ಯವಾಗಿ 90 ದಾಟುತ್ತದೆ. ಹಾಗಾದರೆ ನೇಕಾರನ ಕಿವಿಯ ದಿನದ ಪಾಲು ಬೆಳಗಿನ ಚಹಾದ ಹೊತ್ತಿಗೇ ಮುಗಿದಿರುತ್ತದೆ. ಉಳಿದ ಹೊತ್ತೆಲ್ಲ ಸಾಲ. ಆ ಸಾಲ ತೀರಿಸುವುದು ಮುಪ್ಪಿನಲ್ಲಿ.

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆ ಹೋದವರಿಗೆ ಇದು ಗೊತ್ತು. ಅಲ್ಲಿ ಎಷ್ಟೋ ಕಡೆ ಮಗ್ಗ ಇರುವುದು ಮನೆಯಲ್ಲೇ. ಗಂಡ ಹೆಂಡತಿ ಇಬ್ಬರೂ ದುಡಿಯುವ ಕೋಣೆಯ ಪಕ್ಕದಲ್ಲೇ ಕೂಸಿನ ತೊಟ್ಟಿಲು, ಮಕ್ಕಳ ಓದು. ಶಬ್ದದಿಂದ ಬರುವ ಕಿವುಡು ನಮ್ಮ ಕಾರ್ಮಿಕ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಆದರೆ ಮನೆಯಲ್ಲೇ ನಾಲ್ಕು ಮಗ್ಗ ಹಾಕಿಕೊಂಡವರ ಬಾಗಿಲಿಗೆ ಕಾರ್ಖಾನೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಅವರಿಗೆ ಮಾಲೀಕರೂ ಅವರೇ, ಕಾರ್ಮಿಕರೂ ಅವರೇ. ಕಿವಿ ಹೋದರೆ ಕೇಳುವವರು ಯಾರು?

‘ಮಾತು ಕೇಳಿಸುತ್ತಲ್ಲ, ಸಾಕು’ ಅನ್ನುವವರಿದ್ದಾರೆ. ಸದ್ದು ಕಿವಿಯನ್ನು ತಿನ್ನುವುದು ತೀಕ್ಷ್ಣ ಸ್ವರಗಳ ಕಡೆಯಿಂದ. ಡೊಳ್ಳಿನ ಗುಡುಗು ಕೊನೆಯವರೆಗೂ ಕೇಳಿಸುತ್ತದೆ. ಮೊದಲು ಹೋಗುವುದು ತಾಳದ ಝಣ್, ಗೆಜ್ಜೆಯ ಘಲ್, ತಂಬೂರಿ ತಂತಿಯ ಝೇಂಕಾರ. ಅದರ ಜೊತೆಗೆ ಸ, ಶ, ತ, ಕ ಥರದ ಅಕ್ಷರಗಳೂ ಮಸುಕಾಗುತ್ತವೆ. ಆಗ ತತ್ವಪದದ ರಾಗ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಪದ ತಿಳಿಯದ ತತ್ವಪದದಲ್ಲಿ ಉಳಿಯುವುದಾದರೂ ಏನು?

ಇನ್ನೂ ಒಂದು ಕಷ್ಟವಿದೆ. ಹಾಳಾದ ಕಿವಿಗೆ ಮೆಲ್ಲಗಿನದು ಕೇಳಿಸುವುದಿಲ್ಲ, ಜೋರಾದದ್ದು ತಡೆಯಲಾಗುವುದಿಲ್ಲ. ಹಾಡಿನ ಸೊಗಸು ಇರುವುದು ಇವೆರಡರ ನಡುವಿನ ಏರಿಳಿತದಲ್ಲಿ. ಆ ಜಾಗವೇ ಕಿರಿದಾಗಿಬಿಡುತ್ತದೆ. ಕಿವಿಯ ಮಿಷಿನ್ ಮಾತಿಗೆ ಒಳ್ಳೆಯ ಆಸರೆ. ಹಾಡನ್ನು ಮೊದಲಿನ ಹಾಗೆ ಅದು ತಂದುಕೊಡುವುದಿಲ್ಲ.

ಭಜನೆಗೆ ಜನ ಬರುವುದಿಲ್ಲ, ಮೊಬೈಲ್ ಬಂದು ಕೆಡಿಸಿತು ಅಂತ ಎಲ್ಲರೂ ಬೈಯುತ್ತೇವೆ. ಹಗಲೆಲ್ಲ ಮಗ್ಗದ ಮುಂದೆ, ಗಿರಣಿಯ ಮುಂದೆ, ಟ್ರ್ಯಾಕ್ಟರ್ ಮೇಲೆ ಕಿವಿ ಹೊಡೆಸಿಕೊಂಡವನಿಗೆ ಏಕತಾರಿಯ ಒಂದು ತಂತಿ ಹೇಗೆ ರುಚಿಸಬೇಕು? ಅವನಿಗೆ ಕೇಳಿಸಲಿ ಅಂತ ಭಜನೆಗೂ ಮೈಕ್ ಬಂತು, ಮೈಕ್ ಸಾಲದೆ ದೊಡ್ಡ ಬಾಕ್ಸ್ ಬಂತು. ಮಂದವಾದ ಕಿವಿ ಇನ್ನೂ ಜೋರು ಕೇಳುತ್ತದೆ. ಜೋರು ಮಾಡಿದಷ್ಟೂ ಕಿವಿ ಇನ್ನಷ್ಟು ಮಂದವಾಗುತ್ತದೆ. ಡಿಜೆ ಬೆಳೆದದ್ದರಲ್ಲಿ ಈ ಸುಳಿಯ ಪಾಲೂ ಇದೆ.

‘ಬಡವರ ಹಬ್ಬದ ಮೇಲೇ ಯಾಕೆ ಕಣ್ಣು?’ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾಗಿ ಗಣೇಶನ ಮೆರವಣಿಗೆ, ಉರುಸು, ಜಾತ್ರೆ, ಜಯಂತಿ, ಮದುವೆ, ಎಲೆಕ್ಷನ್ ಪ್ರಚಾರ ಎಲ್ಲಕ್ಕೂ ಒಂದೇ ಅಳತೆ ಇರಲಿ. ಅಳತೆ ಹೊಸದಾಗಿ ಮಾಡಬೇಕಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ವಿನಾಯಿತಿ ಕೊಡಬಹುದು, ಅದೂ ರಾತ್ರಿ 12ರ ತನಕ ಮಾತ್ರ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ತೀರ್ಪು ಕೊಟ್ಟಿದೆ. ಇಷ್ಟಿದ್ದರೂ ಶಾಂತಿ ಸಭೆಯಲ್ಲಿ ‘ಡಿಜೆ ಬೇಡ’ ಅಂದ ಮುಖಂಡರೇ ಮೆರವಣಿಗೆ ದಿನ ಡಿಜೆ ಗಾಡಿಯ ಮುಂದೆ ಹಾರ ಹಾಕಿಸಿಕೊಂಡು ನಿಲ್ಲುತ್ತಾರೆ.

ನೇಕಾರರಿಗೆ ‘ಮಗ್ಗ ನಿಲ್ಲಿಸಿ’ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಅದು ಅವರ ಅನ್ನ. ಆದರೆ ಸೀರೆಗೆ, ನೂಲಿಗೆ, ಕರೆಂಟಿಗೆ ಸಬ್ಸಿಡಿ ಲೆಕ್ಕ ಹಾಕುವ ಸರ್ಕಾರ ನೇಕಾರರ ಕಿವಿಯ ಲೆಕ್ಕವನ್ನೂ ಹಾಕಲಿ. ನೇಕಾರರ ಓಣಿಗಳಿಗೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಯ ಗಾಡಿ ಬರಲಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಇವು ಮಗ್ಗದ ಬಾಗಿಲಿಗೆ ಬರಬೇಕು. ಕಿವಿಗೆ ಹಾಕುವ ಇಯರ್‌ಪ್ಲಗ್ ಅನ್ನು ನೇಕಾರರಿಗೆ ಪುಕ್ಕಟೆ ಕೊಡಲಿ. ಹತ್ತಿ ತುರುಕಿಕೊಂಡರೆ ಸಾಲದು, ಅದು ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ.

ನಮ್ಮ ಕೈಯಲ್ಲೂ ಕೆಲಸವಿದೆ. ತೋಳಳತೆ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದರೆ ಆ ಜಾಗದ ಸದ್ದು ಕಿವಿಗೆ ಅಪಾಯ ಅಂತ ತಿಳಿಯಿರಿ. ಕೂಸುಗಳನ್ನು ಡಿಜೆ ಬಾಕ್ಸ್ ಹತ್ತಿರ ಎತ್ತಿಕೊಂಡು ಹೋಗಬೇಡಿ. ಕಿವಿಯಲ್ಲಿ ಗುಂಯ್ ಸದ್ದು ನಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಕಿವಿ ಡಾಕ್ಟರಿಗೆ ತೋರಿಸಿ. ವಾರಕ್ಕೊಂದು ದಿನ ಗುಡಿಯಲ್ಲಿ ಮೈಕ್ ಇಲ್ಲದೆ ಭಜನೆ ಮಾಡಿ ನೋಡಿ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಬಾಕ್ಸ್ ತರಿಸಬೇಡಿ, ಅವರನ್ನೇ ಮುಂದೆ ಕರೆದು ಕೂರಿಸಿ.

ಇನ್ನು ಮುಂದೆ ಯಾರಾದರೂ ‘ರೂಢಿ ಆಗ್ತೈತಿ’ ಅಂದರೆ ಸುಮ್ಮನೆ ತಲೆಯಾಡಿಸಬೇಡಿ. ‘ಯಾವುದು ರೂಢಿ ಆಗ್ತೈತ್ರಿ, ಸದ್ದೋ ಕಿವುಡೋ?’ ಅಂತ ಕೇಳಿ. ಕೇಳಿಸುತ್ತಿರುವಾಗಲೇ ಕೇಳಿ.