ಲೆಕ್ಕ ಹೇಳೋಕೆ ನೀನ್ಯಾರು?

ಆಪರೇಷನ್ ಟೇಬಲ್ ಮೇಲೆ ಇವತ್ತಲ್ಲ ನಾಳೆ ನಮ್ಮ ಮನೆಯವರೂ ಮಲಗಬೇಕಾಗುತ್ತೆ.

ನಮ್ಮ ಚಿಕ್ಕವ್ವ ಹದಿನಾರು ವರ್ಷ ಒಂದು ಸರ್ಕಾರಿ ಆಸ್ಪತ್ರೆಯ ಓಟಿಯಲ್ಲಿ ಕ್ಲೀನಿಂಗ್ ಕೆಲಸ ಮಾಡಿದಳು. ಖಾಯಂ ಅಲ್ಲ, ಗುತ್ತಿಗೆ. ಓದು ಬರಹ ಇರಲಿಲ್ಲ, ಎಣಿಸೋಕೆ ಬರ್ತಿತ್ತು. ರಕ್ತ ಮೆತ್ತಿದ ಮಾಪು, ಗಾಜ್ ಬಟ್ಟೆಗಳನ್ನ ಬಕೆಟ್ಟಿನಿಂದ ಎತ್ತಿ ಹಾಕ್ತಾ ಇದ್ದವಳು ಅವಳೇ. ಸಿಸ್ಟರುಗಳು ಎಣಿಸೋದನ್ನ ನೋಡಿ ನೋಡಿ ಅವಳಿಗೂ ಮನಸ್ಸಲ್ಲೇ ಎಣಿಸೋ ಅಭ್ಯಾಸ ಆಗಿತ್ತು.

ಒಂದು ದಿನ ಸಿಸೇರಿಯನ್ ನಡೀತಿದೆ. ಹೊರಗೆ ಇನ್ನೂ ಎರಡು ಕೇಸು ಕಾಯ್ತಿವೆ. ಇದ್ದ ಒಬ್ಬ ಸಿಸ್ಟರ್ ಎರಡೂ ಕಡೆ ಓಡಾಡ್ತಿದ್ದಾರೆ. ಹೊಟ್ಟೆ ಹೊಲಿಯೋ ಹೊತ್ತಿಗೆ ಚಿಕ್ಕವ್ವನಿಗೆ ಲೆಕ್ಕ ತಪ್ಪಿದೆ ಅನ್ನಿಸಿತು. "ಸಾ, ಒಂದು ಬಟ್ಟೆ ಕಮ್ಮಿ ಅದೆ" ಅಂದಳು. ಡಾಕ್ಟರು ತಲೆ ಎತ್ತದೆ ಹೇಳಿದ್ದು ಇಷ್ಟೇ: "ನೆಲ ಒರೆಸೋಳು ನೀನು. ಲೆಕ್ಕ ಹೇಳೋಕೆ ನೀನ್ಯಾರು?"

ಅವಳು ಬಾಯಿ ಮುಚ್ಚಿಕೊಂಡಳು. ಕಂಟ್ರಾಕ್ಟರಿಗೆ ಒಂದು ಫೋನ್ ಹೋದ್ರೆ ನಾಳೆಯಿಂದ ಕೆಲಸ ಇಲ್ಲ.

ಮೂರು ವಾರಕ್ಕೆ ಆ ಬಾಣಂತಿ ವಾಪಸ್ ಬಂದಳು. ಜ್ವರ, ಊದಿದ ಹೊಟ್ಟೆ, ಹೊಲಿಗೆಯಲ್ಲಿ ಕೀವು. ಮತ್ತೆ ಕುಯ್ದರು. ಬಟ್ಟೆ ಸಿಕ್ಕಿತು. ಪುಣ್ಯಕ್ಕೆ ಜೀವ ಉಳೀತು. ಆದರೆ ಎರಡು ತಿಂಗಳು ಹಾಸಿಗೆ ಹಿಡಿದಳು, ಕೂಸಿಗೆ ಎದೆಹಾಲು ತಪ್ಪಿತು. ಆ ಹುಡುಗಿ ನಮ್ಮ ಕೇರಿಯವಳೇ. "ನಾ ಇನ್ನೊಂದ್ ಸಲ ಹೇಳ್ಬೇಕಾಗಿತ್ತು ಕಣ ಮಗ" ಅಂತ ಚಿಕ್ಕವ್ವ ಸಾಯೋತನಕ ಕೊರಗಿದಳು.

ಇದನ್ನ ಹಣೆಬರಹ ಅಂದುಬಿಟ್ಟರೆ ಮಾತು ಮುಗೀತು. ನಾನು ಹಾಗೆ ಅನ್ನೋಕೆ ತಯಾರಿಲ್ಲ. ಯಾಕಂದ್ರೆ ಇದನ್ನ ತಡೆಯೋ ದಾರಿ ಜಗತ್ತಿಗೆ ಗೊತ್ತಿದೆ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಚೆಕ್‌ಲಿಸ್ಟ್ ತಂತು. ಒಂದೇ ಹಾಳೆ, 19 ಅಂಶ. ಅರಿವಳಿಕೆ ಕೊಡುವ ಮುಂಚೆ: ರೋಗಿ ಯಾರು, ಯಾವ ಆಪರೇಷನ್, ದೇಹದ ಯಾವ ಜಾಗ, ಒಪ್ಪಿಗೆ ಇದೆಯಾ, ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡ್ತಿದೆಯಾ, ಅಲರ್ಜಿ ಇದೆಯಾ. ಕೊಯ್ಯುವ ಮುಂಚೆ: ಒಳಗಿರೋ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು, ಸೋಂಕು ತಡೆಯೋ ಆಂಟಿಬಯಾಟಿಕ್ ಹಿಂದಿನ 60 ನಿಮಿಷದೊಳಗೆ ಕೊಟ್ಟಿದ್ದಾರಾ ನೋಡಬೇಕು. ರೋಗಿ ಓಟಿಯಿಂದ ಹೊರಗೆ ಹೋಗುವ ಮುಂಚೆ: ಸೂಜಿ, ಸಲಕರಣೆ, ಬಟ್ಟೆಗಳ ಲೆಕ್ಕ ಸರಿಯಿದೆ ಅಂತ ನರ್ಸ್ ಗಟ್ಟಿಯಾಗಿ ಹೇಳಬೇಕು.

ಡಾ. ಅತುಲ್ ಗವಾಂಡೆ ಅವರ ತಂಡ ಇದನ್ನ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಮಾಡಿ ನೋಡಿತು. ಸಿಯಾಟಲ್, ಲಂಡನ್ ಮಾತ್ರ ಅಲ್ಲ, ನಮ್ಮ ದೆಹಲಿ, ತಾಂಜಾನಿಯಾದ ಇಫಕಾರಾ ಕೂಡ ಅದರಲ್ಲಿದ್ವು. 2009ರಲ್ಲಿ ಫಲಿತಾಂಶ ಬಂತು: ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದಿದ್ವು. ಕೋಟಿಗಟ್ಟಲೆ ಮಷೀನು ತಂದು ಸಾಧಿಸಿದ್ದಲ್ಲ ಇದು. ಒಂದು ಹಾಳೆ, ಕೆಲವು ನಿಮಿಷ, ಜೊತೆಗೆ ಬಾಯಿ ಬಿಟ್ಟು ಆಡೋ ಮಾತು.

ಹಾಗಾದ್ರೆ ಹಾಳೆ ಅಂಟಿಸಿದ್ರೆ ಆಯ್ತಾ? ಇಲ್ಲ. ಕೆನಡಾದ ಒಂಟಾರಿಯೋದಲ್ಲಿ ಚೆಕ್‌ಲಿಸ್ಟನ್ನ ಜಾರಿಗೆ ತಂದ 101 ಆಸ್ಪತ್ರೆಗಳ ಅಂಕಿ ಅಂಶ 2014ರಲ್ಲಿ ಪ್ರಕಟ ಆಯ್ತು. ಸಾವು, ತೊಡಕುಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಆಗ ನಡೆದ ಚರ್ಚೆಯಲ್ಲಿ ಹಲವರು ಹೇಳಿದ್ದು ಇದನ್ನೇ: ಮೇಲಿಂದ ಆದೇಶ ಬಂತು ಅಂತ ಟಿಕ್ ಹಾಕೋದು ಬೇರೆ, ತಂಡ ನಿಜಕ್ಕೂ ನಿಂತು ಒಬ್ಬರ ಮಾತು ಒಬ್ಬರು ಕೇಳೋದು ಬೇರೆ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಮಾತು ಕೇಳೋದೇ ಔಷಧಿ ಆದರೆ, ಜಾತಿ ತುಂಬಿರೋ ಈ ಸಮಾಜದ ಓಟಿಯಲ್ಲಿ ಯಾರ ಮಾತನ್ನ ಯಾರು ಕೇಳ್ತಾರೆ?

"ಓಟಿಯಲ್ಲೂ ಜಾತಿ ತಂದ್ಯಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸ್ವಾಮಿ, ಡಾಕ್ಟರು ಜಾತಿ ನೋಡಿ ಕೊಯ್ತಾರೆ ಅಂತ ನಾನು ಹೇಳ್ತಿಲ್ಲ. ಒಂದೇ ದಿನ ಹತ್ತಾರು ಕೇಸು ಮಾಡಿ ಊಟಕ್ಕೂ ಕೂರದ ಸರ್ಕಾರಿ ಡಾಕ್ಟರುಗಳನ್ನ ನಾನೇ ನೋಡಿದ್ದೀನಿ. ಅವರ ಮೇಲೆ ಕೈ ಮಾಡೋರನ್ನ ನಾನು ಯಾವತ್ತೂ ಒಪ್ಪಲ್ಲ. ನಾನು ಹೇಳ್ತಿರೋದು ಬೇರೆ. ಸುಸ್ತಾದ ಡಾಕ್ಟರ ಕೈ ತಪ್ಪಬಹುದು, ಅದು ಮನುಷ್ಯ ಸಹಜ. ಆ ತಪ್ಪು ಕಣ್ಣಿಗೆ ಬಿದ್ದವರು "ಸ್ವಲ್ಪ ನಿಲ್ಲಿ" ಅನ್ನೋಕೆ ಆಗಬೇಕು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದು ಓಟಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರೋದಲ್ಲ. ಸರ್ಜನ್ ಮುಂದೆ ಜೂನಿಯರ್ ಬಾಯಿ ಬಿಡಲ್ಲ, ಜೂನಿಯರ್ ಮುಂದೆ ನರ್ಸ್ ಬಾಯಿ ಬಿಡಲ್ಲ. ಎಲ್ಲರಿಗಿಂತ ಕೆಳಗೆ ಬಕೆಟ್ ಹಿಡಿದು ನಿಂತಿರೋ ನಮ್ಮವರಿಗೆ ಹೆಸರೇ ಇಲ್ಲ. "ಏ ಆಯಾ", "ಏ ಬಾ ಇಲ್ಲಿ", ಅಷ್ಟೇ.

ಓದಿ ಡಾಕ್ಟರಾದ್ರೆ ಎಲ್ಲ ಸರಿಹೋಗುತ್ತಾ? 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಜೀವ ಕಳಕೊಂಡ ಡಾ. ಪಾಯಲ್ ತಡ್ವಿಯನ್ನ ನೆನಪು ಮಾಡಿಕೊಳ್ಳಿ. ಆದಿವಾಸಿ ಹೆಣ್ಣುಮಗಳು, ಸ್ತ್ರೀರೋಗ ವಿಭಾಗದಲ್ಲಿ ಪಿಜಿ ಮಾಡ್ತಿದ್ದರು. ಜಾತಿ ಹಿಡಿದು ಕಿರುಕುಳ ಕೊಟ್ಟ ಆರೋಪದಲ್ಲಿ ಮೂವರು ಸೀನಿಯರ್ ವೈದ್ಯೆಯರ ಮೇಲೆ ಕೇಸಾಯಿತು. ಇಂಥ ವಾತಾವರಣದಲ್ಲಿ ಒಬ್ಬ ಜೂನಿಯರ್ "ಮೇಡಂ, ಲೆಕ್ಕ ತಪ್ಪಿದೆ" ಅಂತ ಯಾವ ಧೈರ್ಯದ ಮೇಲೆ ಹೇಳಬೇಕು?

ಇನ್ನು ಟೇಬಲ್ ಮೇಲೆ ಮಲಗಿರೋರ ಕಥೆ. 2014ರ ನವೆಂಬರ್, ಛತ್ತೀಸಗಡದ ಬಿಲಾಸ್‌ಪುರ ಜಿಲ್ಲೆ. ಸಂತಾನಹರಣ ಕ್ಯಾಂಪಿನಲ್ಲಿ ಒಬ್ಬ ಸರ್ಜನ್ ಒಂದೇ ದಿನ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಿದರು. ಸರ್ಕಾರದ ನಿಯಮದ ಪ್ರಕಾರ ದಿನಕ್ಕೆ 30 ಮೀರಬಾರದಿತ್ತು. ಆ ದಿನಗಳ ಕ್ಯಾಂಪುಗಳಲ್ಲಿ ಆಪರೇಷನ್ ಆದ 13 ಮಂದಿ ಸತ್ತರು. ಕ್ಯಾಂಪಿಗೆ ಬಂದವರು ದಲಿತ, ಆದಿವಾಸಿ, ಹಿಂದುಳಿದ ಜಾತಿಗಳ ಬಡವರು. ಸಾವಿಗೆ ಮಾತ್ರೆ ಕಾರಣವೋ ಸೋಂಕು ಕಾರಣವೋ ಅಂತ ವಾದ ನಡೀತು. 83 ಅನ್ನೋ ಸಂಖ್ಯೆ ಬಗ್ಗೆ ಯಾವ ವಾದವೂ ಇಲ್ಲ. ಆ ವೇಗದಲ್ಲಿ ಯಾರ ಹೆಸರು ಕೇಳ್ತಾರೆ, ಏನು ಎಣಿಸ್ತಾರೆ? ಉಳ್ಳವರ ಮನೆ ಹೆಣ್ಣುಮಕ್ಕಳನ್ನ ಹಾಗೆ ಸಾಲಾಗಿ ಮಲಗಿಸ್ತಾರಾ? 2016ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಇಂಥ ಕ್ಯಾಂಪುಗಳನ್ನ ನಿಲ್ಲಿಸಬೇಕು ಅಂತ ಹೇಳಬೇಕಾಯ್ತು.

ಕೋರ್ಟಿಗೆ ಹೋಗಬಹುದಲ್ಲ ಅಂತೀರಾ? 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ಆದ ಒಬ್ಬ ತಾಯಿಯ ಹೊಟ್ಟೆಯಲ್ಲಿ ಟವೆಲ್ ಬಿಟ್ಟಿದ್ದರು, ಆಕೆ ಸತ್ತಳು. ಅದಕ್ಕೆ ಸರ್ಕಾರವೇ ಹೊಣೆ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ಲೆಕ್ಕ ಹಾಕಿ, 33 ವರ್ಷ. ಗ್ರಾಹಕ ನ್ಯಾಯಾಲಯ? 1995ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡೋ ಆಸ್ಪತ್ರೆ ಆ ಕಾಯ್ದೆಯ ಹೊರಗೆ. ಅಂಥ ಆಸ್ಪತ್ರೆಯ ರೋಗಿ ಗ್ರಾಹಕ ಅಲ್ಲವಂತೆ. ಅಲ್ಲಿಗೆ ಹೋಗೋ ಬಡವನಿಗೆ ಆ ಬಾಗಿಲೂ ಮುಚ್ಚಿದೆ. ಆದ್ದರಿಂದ ಸತ್ತ ಮೇಲೆ ಪರಿಹಾರ ಕೇಳೋದಕ್ಕಿಂತ ಮುಂಚೆ ನಾವು ಓಟಿಯ ಒಳಗಿನ ಸುರಕ್ಷತೆ ಕೇಳಬೇಕು.

ನಮ್ಮ ಬೇಡಿಕೆಗಳು ಇವು:

1. ಪ್ರತಿ ಸರ್ಕಾರಿ, ಖಾಸಗಿ ಓಟಿಯಲ್ಲಿ ಚೆಕ್‌ಲಿಸ್ಟ್ ಕನ್ನಡದಲ್ಲಿರಲಿ, ಪ್ರತಿ ಸಲ ಗಟ್ಟಿಯಾಗಿ ಓದಲಿ.

2. ಬಟ್ಟೆ, ಸೂಜಿ ಲೆಕ್ಕವನ್ನ ಎಲ್ಲರಿಗೂ ಕಾಣೋ ಹಾಗೆ ಬೋರ್ಡಿನ ಮೇಲೆ ಬರೀರಿ. ಎಕ್ಸ್‌ರೇಯಲ್ಲಿ ಕಾಣೋ ದಾರ ಇರುವ ಮಾಪುಗಳನ್ನೇ ಬಳಸಿ. ಲೆಕ್ಕ ಕೂಡದಿದ್ರೆ ಹುಡುಕದೆ ರೋಗಿಯನ್ನ ಹೊರಗೆ ಕಳಿಸಬೇಡಿ.

3. ಹೆಸರು ಹೇಳೋ ಸರದಿ ಕ್ಲೀನಿಂಗ್ ಮಾಡೋರಿಗೂ ಬರಲಿ. ತಪ್ಪು ಎತ್ತಿ ತೋರಿಸಿದ ಯಾರನ್ನೂ, ಗುತ್ತಿಗೆಯವರನ್ನೂ ಸೇರಿಸಿ, ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಲಿಖಿತ ಆದೇಶ ಹೊರಡಲಿ.

4. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದಿ ಹೇಳಿ, ಅರ್ಥ ಆದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ.

5. ಖಾಲಿ ಇರೋ ನರ್ಸ್, ಅರಿವಳಿಕೆ ತಜ್ಞರ ಹುದ್ದೆ ತುಂಬಿ. ಇಬ್ಬರ ಕೆಲಸ ಒಬ್ಬರಿಂದ ಮಾಡಿಸಿ ಆಮೇಲೆ ಆ ಸಿಸ್ಟರನ್ನ ಸಸ್ಪೆಂಡ್ ಮಾಡೋ ನಾಟಕ ಬೇಡ.

ನೀವೇನು ಮಾಡಬಹುದು? ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಚೆಕ್‌ಲಿಸ್ಟ್ ಬಳಸ್ತೀರಾ, ಖಾಲಿ ನಮೂನೆಯ ಪ್ರತಿ ಕೊಡಿ, ಓಟಿಗೆ ಎಷ್ಟು ನರ್ಸ್ ಹುದ್ದೆ ಮಂಜೂರಾಗಿದೆ, ಎಷ್ಟು ತುಂಬಿದೆ. ಆರೋಗ್ಯ ರಕ್ಷಾ ಸಮಿತಿಯಲ್ಲಿ ನಮ್ಮವರು ಯಾರಾದರೂ ಇದ್ದರೆ ಮುಂದಿನ ಸಭೆಯಲ್ಲಿ ಇದನ್ನೇ ಎತ್ತಲಿ. ಮನೆಯವರನ್ನ ಓಟಿಗೆ ಕಳಿಸುವ ಮುಂಚೆ ಯಾವ ಆಪರೇಷನ್, ಯಾವ ಕಡೆ, ಯಾರು ಮಾಡ್ತಾರೆ ಅಂತ ಕೇಳಿ. ಕೇಳೋದು ಅವಿಧೇಯತೆ ಅಲ್ಲ, ಹಕ್ಕು.

ಚಿಕ್ಕವ್ವ ಇನ್ನೊಂದು ಸಲ ಹೇಳಬೇಕಾಗಿರಲಿಲ್ಲ. ಅವಳು ಹೇಳಿದ ಮೊದಲನೇ ಸಲವೇ ಅವರು ಕೈ ನಿಲ್ಲಿಸಿ ಎಣಿಸಬೇಕಾಗಿತ್ತು.

ಜೈ ಭೀಮ್.