ಇಪ್ಪತ್ತು ಲಕ್ಷದ ಇಬ್ಬರು ಆಟಗಾರರು

ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ನೆಲದಂತೆಯೇ ಅಕ್ಕಲಕೋಟೆಯನ್ನೂ ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದು 1967ರ ಮಹಾಜನ ವರದಿ ಹೇಳಿತ್ತು. ಆದುದರಿಂದ ಆ ಕಡೆಯ ಸುದ್ದಿ ನಮಗೆ ಪರರದ್ದಲ್ಲ.

ಅಕ್ಕಲಕೋಟೆಗೆ ಸಮೀಪದ ಸೊಲ್ಲಾಪುರದವರು ಕ್ರಿಕೆಟಿಗ ಅರ್ಶಿನ್ ಕುಲಕರ್ಣಿ. 2023ರ ಮಹಾರಾಷ್ಟ್ರ ಪ್ರೀಮಿಯರ್ ಲೀಗಿನ ಒಂದೇ ಪಂದ್ಯದಲ್ಲಿ 54 ಚೆಂಡುಗಳಿಗೆ 117 ರನ್ನು, ಮೇಲೆ 4 ವಿಕೆಟು! ಐ.ಪಿ.ಎಲ್. ಹರಾಜಿನಲ್ಲಿ ಲಕ್ನೋ ತಂಡ 20 ಲಕ್ಷ ರೂಪಾಯಿಗೆ ಕೊಂಡಿತು. 2024ರಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಮೊದಲ ಚೆಂಡಿಗೇ ಔಟು.

ನಮ್ಮ ತಳಂಗರೆಯ ಮುಹಮ್ಮದ್ ಅಝರುದ್ದೀನ್ ಕೂಡ 2021ರಲ್ಲಿ ಮುಂಬಯಿಯ ಎದುರು 54 ಚೆಂಡುಗಳಿಗೇ 137 ಹೊಡೆದು, ಅದೇ 20 ಲಕ್ಷಕ್ಕೆ ಬೆಂಗಳೂರು ತಂಡ ಸೇರಿದರು. ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಆದರೂ ಕೇರಳಕ್ಕಾಗಿ ಆಡುತ್ತ ಹೋದರು. 2025ರ ರಣಜಿ ಸೆಮಿಫೈನಲಿನಲ್ಲಿ ಅಜೇಯ 177. ಕೇರಳಕ್ಕೆ ಮೊದಲ ಫೈನಲು.

ಹರಾಜಿನ ಮೊತ್ತವನ್ನು ಓದಿ ಮಗನನ್ನು ಶಾಲೆ ಬಿಡಿಸಲು ಹೊರಡುವ ತಂದೆತಾಯಂದಿರು ನಡುವಿನ ಈ ನಾಲ್ಕು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತನೆಯ ತರಗತಿಯನ್ನಾದರೂ ಮುಗಿಸಲಿ. ಹಾಗೆಂದು ಆಟ ಬೇಡವೆಂದಲ್ಲ. ಪರೀಕ್ಷೆ ಹತ್ತಿರ ಬಂತೆಂದು ಆಟದ ಪೀರಿಯಡನ್ನು ಗಣಿತಕ್ಕೆ ಕೊಡುವ ಪದ್ಧತಿಯನ್ನು ಅಧ್ಯಾಪಕರಾದ ನಾವೂ ನಿಲ್ಲಿಸಬೇಕು.